ಎದುರು ಕೂತು ತೆಗೆದ ಅಳತೆ

ಅಕ್ಕ ಕ್ಲೌಡ್ ಎಂಬ ಮಾತೆತ್ತಿದ ದಿನದಿಂದ ತಮ್ಮನಿಗೆ ಊಟ ರುಚಿಸುತ್ತಿರಲಿಲ್ಲ. ಅಂಗಡಿಗೆ ಬಂದುಹೋದ ಸಾವಿರಾರು ಪಾದಗಳ ಅಳತೆ ಇಷ್ಟು ದಿನ ಹಿಂದಿನ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿ, ಅವನೊಬ್ಬನ ಕೈಕೆಳಗೆ ತೆಪ್ಪಗೆ ಬಿದ್ದಿತ್ತು. ಇನ್ನು ಮುಂದೆ ಅದೆಲ್ಲ ದೂರದ ಯಾವುದೋ ಯಂತ್ರಗಳಲ್ಲಿ ಇರುತ್ತದಂತೆ, ಅಕ್ಕ ಮನೆಯಲ್ಲಿ ಕೂತೇ ತೆರೆದು ನೋಡಬಹುದಂತೆ. ಬೇರೆಯವರಾಗಿದ್ದರೆ ಕೆಲಸ ಹಗುರಾಯಿತು ಎನ್ನುತ್ತಿದ್ದರು. ತಮ್ಮನಿಗೆ ಮಾತ್ರ ಆ ಸಾವಿರಾರು ಪಾದಗಳಲ್ಲಿ ಒಂದು ಜೊತೆಯನ್ನು ಯಾರೂ ನೋಡುವುದು ಬೇಕಿರಲಿಲ್ಲ.

ಅವರದು ಕಾಲಿನ ತೊಂದರೆ ಇದ್ದವರಿಗೆ ಬೂಟು ಹೊಲಿದುಕೊಡುವ ಅಂಗಡಿ. ಒಂದು ಕಾಲು ಗಿಡ್ಡವಾಗಿದ್ದರೆ ಆ ಕಾಲಿನ ಬೂಟಿಗೆ ಅಟ್ಟೆ ಏರಿಸಿ ಎರಡನ್ನೂ ಸಮ ಮಾಡಬೇಕು. ಮುಂದಿನ ಕೋಣೆಯಲ್ಲಿ ಅಳತೆ ತೆಗೆಯುವುದು ತಮ್ಮ, ಹಿಂದಿನ ಕೋಣೆಯಲ್ಲಿ ಹೊಲಿಯುವುದು ಮೇಸ್ತ್ರಿ. ಅಳತೆ ತೆಗೆಯುವವನು ಗಿರಾಕಿಯ ಎದುರು ಮಣೆ ಹಾಕಿಕೊಂಡು ಕೂರುವುದರಿಂದ ಅವರ ಬಲಗಾಲು ಇವನ ಎಡಗೈ ಕಡೆಗೆ ಬರುತ್ತದೆ. ಅದಕ್ಕೇ, ಬರೆಯುವ ಮೊದಲು ಗಿರಾಕಿಯ ಮೊಣಕಾಲು ಮುಟ್ಟಿ "ನಿಮ್ಮ ಬಲ" ಎಂದು ಬಾಯಿಬಿಟ್ಟು ಹೇಳಬೇಕೆಂದು ಮೇಸ್ತ್ರಿ ಹದಿನೆಂಟು ವರ್ಷದ ಹಿಂದೆಯೇ ಕಲಿಸಿದ್ದರು. ಬಲಗಾಲು ಗಿಡ್ಡವಿದ್ದ ಸಂಗೀತದ ಟೀಚರೊಬ್ಬರು ಬಂದ ದಿನ ತಮ್ಮ ಕಿವಿಗೆ ಮೊಬೈಲ್ ಒತ್ತಿಕೊಂಡು ಗೆಳೆಯನೊಂದಿಗೆ ನಗುತ್ತಿದ್ದ. ಮೊಣಕಾಲು ಮುಟ್ಟಲಿಲ್ಲ. ಕಂಪ್ಯೂಟರಿನಲ್ಲೂ ಮೇಸ್ತ್ರಿಗೆ ಕೊಡುವ ಚೀಟಿಯಲ್ಲೂ ಬಲ ಎಂದು ಬರೆಯುವ ಕಡೆ ಎಡ ಎಂದು ಬರೆದ.

ಮೇಸ್ತ್ರಿ ಚೀಟಿಯಲ್ಲಿದ್ದಂತೆ ಎಡಗಾಲಿಗೆ, ಅಂದರೆ ಮೊದಲೇ ಉದ್ದವಿದ್ದ ಕಾಲಿಗೆ, ಎರಡು ಬೆರಳು ಅಟ್ಟೆ ಏರಿಸಿದರು. ಬೂಟು ತೊಟ್ಟ ಟೀಚರ್, "ಯಾಕೋ ಓಲಾಡಿದ ಹಾಗಾಗುತ್ತಲ್ಲಪ್ಪ" ಎಂದಾಗ ತಮ್ಮ ತಲೆ ಎತ್ತದೆಯೇ, "ಎರಡು ದಿನ ಹಾಕಿ ಮೇಡಂ, ರೂಢಿಯಾಗುತ್ತೆ" ಎಂದ. ಮೂರನೆಯ ದಿನ ಆಕೆ ಮೆಟ್ಟಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು.

ಸುದ್ದಿ ಬಂದಾಗ ಅಂಗಡಿಯಲ್ಲಿ ಇದ್ದವನು ಅವನೊಬ್ಬನೇ. ಮೇಸ್ತ್ರಿಯ ಚೀಟಿಯನ್ನು ಚೂರುಚೂರು ಮಾಡಿ ಚರಂಡಿಗೆ ಬಿಟ್ಟ. ಕಂಪ್ಯೂಟರಿನಲ್ಲಿ ಎಡವನ್ನು ಬಲ ಮಾಡಿದ. ಆಮೇಲೆ ಅಕ್ಕ ಪರದೆ ನೋಡಿ ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿ ವಾದಕ್ಕೆ ನಿಲ್ಲಲಿಲ್ಲ. "ಇದರಲ್ಲಿ ಬಲ ಅಂತಾನೇ ಇದೆಯಲ್ಲ. ಹಾಗಾದ್ರೆ ನಾನೇ ತಪ್ಪು ಓದಿದೀನಿ. ಕಣ್ಣು ಹೋಯ್ತು ಮಗಾ. ಇನ್ನು ನನ್ನ ಕೈಗೆ ಚರ್ಮ ಕೊಡಬೇಡಿ" ಎಂದು ಕೆಲಸದ ಏಪ್ರನ್ ಬಿಚ್ಚಿ, ಮಡಚಿ, ಹೊಲಿಗೆ ಯಂತ್ರದ ಮೇಲಿಟ್ಟು ಮನೆಗೆ ಹೋದರು. ಒಂದು ತಿಂಗಳಾದರೂ ಅದು ಅಲ್ಲೇ ಇತ್ತು. ಅದರ ಮುಂದೆ ಹಾದುಹೋಗುವಾಗಲೆಲ್ಲ ತಮ್ಮನಿಗೆ ನಾಚಿಕೆಯಿಂದ ಕತ್ತು ಬಿಸಿಯಾಗುತ್ತಿತ್ತು. ಆದರೂ ಬಾಯಿ ಬರಲಿಲ್ಲ. ನಾಚಿಕೆ ಬಾಯಿ ಬಿಡಿಸುತ್ತದೆ ಎಂದು ಹೇಳುವವರು ನಾಚಿಕೆಪಟ್ಟವರಲ್ಲ.

ಕ್ಲೌಡ್ ಮಾರುವವನು ವರ್ಷದಿಂದ ಅಂಗಡಿಗೆ ಎಡತಾಕುತ್ತಿದ್ದ. ಪಕ್ಕದ ಕನ್ನಡಕದಂಗಡಿಯವರು ಹಾಕಿಸಿಕೊಂಡರು, ಅಕ್ಕ ಅಲುಗಲಿಲ್ಲ. ಅಳತೆಗಳನ್ನು ನೇರವಾಗಿ ಕಳಿಸಿ ಎಂದು ಮೂಳೆ ಡಾಕ್ಟರು ಕೇಳಿದರು, ನೋಡೋಣ ಎಂದಳು. ಟೀಚರ್ ಬಿದ್ದ ಮೇಲೆ ಮನಸ್ಸು ಬದಲಾಯಿತು. "ಡಾಕ್ಟ್ರೂ ಅಳತೆ ನೋಡೋ ಹಾಗಿದ್ರೆ, ಒಬ್ಬರ ಕಣ್ಣು ತಪ್ಪಿದ್ದು ಇನ್ನೊಬ್ಬರ ಕಣ್ಣಿಗೆ ಬೀಳುತ್ತೆ ಕಣೋ. ಇಂಥದ್ದೊಂದು ಮೊದಲೇ ಇದ್ದಿದ್ರೆ ಪಾಪ ಮೇಸ್ತ್ರಿ ಉಳ್ಕೋತಿದ್ರು" ಎಂದಳು.

ಮಾರುವವನು ಒಂದು ಮಾತು ಹೆಚ್ಚಿಗೇ ಹೇಳಿದ್ದ. "ನಿಮ್ಮ ಹಳೇ ಪ್ರೋಗ್ರಾಂ ತಿದ್ದಿದ್ದನ್ನೆಲ್ಲ ಅಳಿಸಲ್ಲ ಮೇಡಂ, ಒಳಗೆ ಬಚ್ಚಿಟ್ಟುಕೊಂಡಿರುತ್ತೆ. ನಮ್ಮದ್ರಲ್ಲಿ ಒಂದು ಸಲ ಒತ್ತಿದ್ರೆ ಸಾಕು, ಯಾರು ಯಾವಾಗ ಏನು ತಿದ್ದಿದ್ರು ಎಲ್ಲಾ ಬರುತ್ತೆ." ಅವನು ಹೋದ ಮೇಲೆ ತಮ್ಮ ಆ ಬಚ್ಚಿಟ್ಟದ್ದನ್ನು ಅಳಿಸಲು ಮೂರು ದಿನ ಹೆಣಗಿದ. ದಾರಿ ಸಿಗಲಿಲ್ಲ.

ಮೊದಲು ಮಾತಿನಲ್ಲೇ ತಡೆಯಲು ನೋಡಿದ. ನಮ್ಮ ಗಿರಾಕಿಗಳ ಕಾಲು ಊರವರ ಕೈಗೆ ಯಾಕೆ ಎಂದ. ನಾಳೆ ಅವರು ಅಂಗಡಿ ಮುಚ್ಚಿಕೊಂಡು ಹೋದರೆ ಯಾರನ್ನು ಕೇಳುವುದು ಎಂದ. ಅವನ ಕೈಯಲ್ಲಿದ್ದ ದೊಡ್ಡ ಅಸ್ತ್ರ ನೆಟ್. ಎರಡು ವಾರದಿಂದ, ಅವನು ಊಟಕ್ಕೆ ಹೋಗಿಬರುವ ಹೊತ್ತಿಗೆ ಸರಿಯಾಗಿ, ಅದು ಕುಂಟಲು ಶುರುವಾಗಿತ್ತು. "ನೋಡಕ್ಕಾ, ಒಂದು ಫೋಟೋ ಹೋಗೋಕೆ ಒದ್ದಾಡ್ತಿದೆ. ಇದನ್ನ ನಂಬಿಕೊಂಡು ಎಲ್ಲಾನೂ ಅಲ್ಲಿಗೆ ಸಾಗಿಸ್ತೀಯಾ?" ಎಂದು ದಿನಾ ತೋರಿಸಿದ. ಅಕ್ಕ ಒಂದು ನಗು ನಕ್ಕು ಬೂಟು ಒರೆಸುತ್ತಿದ್ದಳು. ಅವಳ ಬಾಯಿ ಕಟ್ಟಿತೆಂದು ತಮ್ಮ ತನ್ನ ಬೆನ್ನು ತಾನೇ ತಟ್ಟಿಕೊಂಡ. ಆದರೆ ಅಕ್ಕ, ಮುಂದಿನ ಸೋಮವಾರ ಮಾರುವವನು ಬರುತ್ತಾನೆ, ಅವತ್ತೇ ಎಲ್ಲ ಮುಗಿಸಿಬಿಡೋಣ ಎಂದುಬಿಟ್ಟಳು.

ಹಾಗಾಗಿ ಶನಿವಾರ ಕಂಪ್ಯೂಟರ್ ಸಾಯಬೇಕಿತ್ತು.

ಅವನು ಅವಸರ ಮಾಡಲಿಲ್ಲ. ಕಂಪ್ಯೂಟರಿನ ನೆತ್ತಿಯ ಮೇಲೇ ನೀರಿನ ಪೈಪಿನ ಒಂದು ಜೋಡಣೆ ಇತ್ತು, ಚರ್ಮ ನೆನೆಹಾಕುವ ತೊಟ್ಟಿಗೆ ಹೋಗುವುದು. ಒಂದು ವಾರ ಮೊದಲೇ, ಸೋಮವಾರ, ಅದನ್ನು ತುಸು ಸಡಿಲಿಸಿ ತೊಟ್ಟಿಕ್ಕುವಂತೆ ಮಾಡಿದ. ಮಂಗಳವಾರ ಅಕ್ಕನಿಗೆ ತೋರಿಸಿದ. ಬುಧವಾರ ಬಟ್ಟೆ ಸುತ್ತಿದ. ಗುರುವಾರ ಅಕ್ಕನ ಎದುರೇ ಪ್ಲಂಬರಿಗೆ ಫೋನ್ ಮಾಡಿ, ಆದಷ್ಟು ಬೇಗ ಬಾರಪ್ಪ ಎಂದು ಬೇಡಿಕೊಂಡ. ಪ್ಲಂಬರ್ ಬೇಗ ಬರುವವನಲ್ಲ ಎಂಬುದು ಅವನಿಗೆ ಗೊತ್ತಿತ್ತು. ಶನಿವಾರ ಮಧ್ಯಾಹ್ನ ಒಂದಕ್ಕೆ ಅಂಗಡಿ ಮುಚ್ಚುತ್ತದೆ, ಎರಡಕ್ಕೆ ಕಟ್ಟಡದ ಮೋಟಾರು ಶುರುವಾಗಿ ಪೈಪಿಗೆ ನೀರು ನುಗ್ಗುತ್ತದೆ. ವಾರಕ್ಕೊಮ್ಮೆ ನಕಲು ತೆಗೆದಿಡುವ ಪುಟ್ಟ ಡಿಸ್ಕನ್ನು ಕಂಪ್ಯೂಟರಿನ ಮೇಲೇ ಇಟ್ಟ. ಜೋಡಣೆಯನ್ನು ಇನ್ನೆರಡು ಸುತ್ತು ಸಡಿಲಿಸಿ, ಬಾಗಿಲು ಹಾಕಿಕೊಂಡು, ಹಣ್ಣು ಕೊಂಡು, ಟೀಚರನ್ನು ನೋಡಲು ಆಸ್ಪತ್ರೆಗೆ ಹೋದ. ಎರಡು ಗಂಟೆಗೆ ಎಲ್ಲಿದ್ದೆ ಎಂದು ಕೇಳಿದರೆ ಹೇಳಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಅದನ್ನು ಯೋಚಿಸಿದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಹೋದ.

ಟೀಚರ್ ಮಲಗಿದ್ದ ಮಂಚದ ಪಕ್ಕ ಒಂದು ಸ್ಟೂಲು ಇತ್ತು. "ನಿಮ್ಮ ಮೇಸ್ತ್ರಿ ಕೂರೋದು ಅದರ ಮೇಲೆ. ದಿನಾ ಬರ್ತಾರೆ. ಕಾಲ ಹತ್ತಿರ ತಲೆ ತಗ್ಗಿಸಿಕೊಂಡು ಕೂತಿದ್ದು ಹೋಗ್ತಾರೆ. ಬೇಡ ಅಂದ್ರೂ ಕೇಳಲ್ಲ. ಅವರನ್ನ ಬಯ್ಯಬೇಡಿ ಕಣಪ್ಪ" ಎಂದರು ಆಕೆ.

ತಮ್ಮ ಆ ಸ್ಟೂಲಿನ ಮೇಲೆ ಕೂರಲಾರದೆ ನಿಂತೇ ಇದ್ದ. ಹೇಳಿಬಿಡಲೇ ಎಂದು ಬಾಯಿ ತೆರೆದ. ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಬಾಗಿಲ ಸಂದಿಯಿಂದ ನೀರು ಬರುತ್ತಿದೆಯೆಂದು ಕನ್ನಡಕದಂಗಡಿಯವರು ತಿಳಿಸಿದ್ದರು.

ಮುಂದಿನದೆಲ್ಲ ಅವನು ಎಣಿಸಿದ ಹಾಗೇ ನಡೆಯಿತು. ರಿಪೇರಿಗೆ ಒಯ್ಯುತ್ತೇನೆಂದು ತಾನೇ ಕಂಪ್ಯೂಟರ್ ಹೊತ್ತುಕೊಂಡು ಹೋಗಿ, ಅದರ ಒಳಗಿನ ಡಿಸ್ಕನ್ನೂ ಹೊರಗಿನದನ್ನೂ ಸುತ್ತಿಗೆಯಿಂದ ಜಜ್ಜಿ ಎಸೆದ. ಕೈಗೆ ಸಿಕ್ಕ ಸುತ್ತಿಗೆ ಮೇಸ್ತ್ರಿಯದು. "ಏನೂ ಉಳಿದಿಲ್ಲ ಅಕ್ಕಾ" ಎಂದು ವರದಿ ಒಪ್ಪಿಸಿದ. ಅಕ್ಕ ಅಳಲಿಲ್ಲ. "ಹೋಗ್ಲಿ ಬಿಡೋ. ನಿನ್ನ ಮುಖ ಯಾಕೆ ಹಿಂಗೆ ಬಾಡಿದೆ? ಮೊದಲು ಊಟ ಮಾಡು" ಎಂದು ಬಡಿಸಿದಳು. ಆಘಾತದಲ್ಲಿ ಮನುಷ್ಯರು ಹೀಗೇ ಇರುತ್ತಾರೆ ಎಂದುಕೊಂಡು ಅವನು ಉಂಡ.

ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿ ಮಾರುವವನು ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಬಾಗಿಲ ಬಳಿ, ಒಳಗೆ ಬರಲೋ ಬೇಡವೋ ಎಂಬಂತೆ, ಮೇಸ್ತ್ರಿ ನಿಂತಿದ್ದರು. ಅಕ್ಕನೇ ಕರೆಸಿದ್ದಳು, ಟೀಚರಿಗೆ ಹೊಸ ಬೂಟು ಅವರ ಕೈಯಿಂದಲೇ ಆಗಬೇಕೆಂದು. "ಅಳತೇನೇ ನೀರುಪಾಲಾಯ್ತಲ್ಲಕ್ಕಾ" ಎಂದ ತಮ್ಮ, ಆದಷ್ಟು ಮೆಲ್ಲಗೆ.

"ಎಲ್ಲಿ ಹೋಗುತ್ತೆ?" ಎಂದಳು ಅಕ್ಕ. "ನೀನು ಅಷ್ಟು ಮುನಿಸಿಕೊಂಡಿದ್ಯಲ್ಲ, ಅದಕ್ಕೇ ನಿನಗೆ ಹೇಳಿರಲಿಲ್ಲ. ಒಂದು ತಿಂಗಳು ಬಿಟ್ಟಿ ಹಾಕಿಕೊಂಡು ನೋಡಿ ಅಂದ್ರು. ನೀನು ಊಟಕ್ಕೆ ಹೋದಾಗಲೆಲ್ಲ ದಿನಕ್ಕಿಷ್ಟು ಅಂತ ಅಲ್ಲಿಗೆ ಕಳಿಸ್ತಾ ಬಂದೆ. ಅದಕ್ಕೇ ಕಣೋ ಆ ಹೊತ್ತಿಗೆ ನೆಟ್ ಕುಂಟ್ತಾ ಇದ್ದಿದ್ದು. ದಿನಾ ನನಗೇ ತೋರಿಸ್ತಿದ್ದೆ, ನಗು ತಡ್ಕೊಳ್ಳೋದೇ ಕಷ್ಟ ಆಗ್ತಿತ್ತು." ಅವಳು ಟೀಚರ ಅಳತೆ ತೆರೆದು, ಮಾರುವವನು ಹೇಳಿದ್ದಂತೆ ಒಂದು ಸಲ ಒತ್ತಿದಳು. ಪರದೆಯ ಮೇಲೆ ಎರಡು ಸಾಲು ಮೂಡಿದವು, ಪ್ರತಿ ಸಾಲಿನ ಪಕ್ಕ ತಾರೀಖು, ಗಂಟೆ, ಬರೆದವರ ಹೆಸರು. ಅಕ್ಕ ಅದನ್ನು ಓದದೆಯೇ ಲ್ಯಾಪ್‌ಟಾಪನ್ನು ತಮ್ಮನ ಕಡೆ ತಿರುಗಿಸಿ, ಏಪ್ರನ್ನಿನ ಮಡಿಕೆ ಬಿಚ್ಚಿ ಮೇಸ್ತ್ರಿಗೆ ಕೊಡಲು ಹೋದಳು. ಮೇಸ್ತ್ರಿ ಅದನ್ನು ಮುಟ್ಟಲಿಲ್ಲ. "ನನ್ನ ಕಣ್ಣು ನಂಬೋ ಹಾಗಿಲ್ಲ ಮಗಾ," ಎಂದರು ತಮ್ಮನಿಗೆ, "ಏನಿದೆಯೋ ನೀನೇ ಓದಿ ಹೇಳು." ತಮ್ಮ ಎದುರಿಗಿದ್ದ ಮೇಸ್ತ್ರಿಯ ಮೊಣಕಾಲನ್ನೇ ನೋಡುತ್ತ ಮೊದಲ ಸಾಲು ಓದಿದ: ಎಡ. ಎರಡನೆಯ ಸಾಲು ಓದಿದ: ಬಲ. ಆಮೇಲೆ ಎರಡರ ಮುಂದೆಯೂ ಇದ್ದ ತನ್ನ ಹೆಸರನ್ನು ಓದಿದ.