ಬ್ಯಾಡ ಅಂದದ್ದು ಯಾರಿಗೆ?

"ಕೈ ತೆಗಿಬ್ಯಾಡ್ರಿ! ನಿಮ್ಮ ಪುಣ್ಯಾ ಬರ್ಲಿ, ಹಂಗ ಹಿಡೀರಿ!"

ಭಾಗ್ಯಜ್ಯೋತಿ ಬೆಚ್ಚಿದಳು.

ಸಿಂದಗಿಯ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮೋರಟಗಿಯ ಬಸ್ಸಿಗೆ ಕಾಯುತ್ತ ಕುಳಿತವಳು ಅವಳು. ಪಕ್ಕದ ಅಪರಿಚಿತ ಯುವಕನ ಟ್ರಾನ್ಸಿಸ್ಟರ್ ಕೊರಕೊರ ಎನ್ನುತ್ತಿತ್ತು. ತಡೆಯಲಾರದೆ "ಸ್ಕೋರ್ ಎಷ್ಟ್ರಿ?" ಎಂದು ಕೇಳಿಬಿಟ್ಟಿದ್ದಳು. ಕೇಳಿದ್ದಲ್ಲದೆ, ವಾಲಿದ್ದ ಏರಿಯಲ್ಲನ್ನು ನೆಟ್ಟಗೆ ಮಾಡಲು ಕೈ ಚಾಚಿದ್ದಳು. ಬೆರಳು ತಾಗಿದ್ದೇ ತಡ, ಶಾರ್ಜಾದ ಕ್ರಿಕೆಟ್ ಮೈದಾನ ಒಮ್ಮೆಲೇ ಸಿಂದಗಿಗೆ ಬಂದು ಇಳಿಯಿತು!

ಕೈ ತೆಗೆದರೆ ಕೊರಕೊರ. ಹಿಡಿದರೆ ಸಾವಿರ ಜನರ ಕೇಕೆ.

"ನಿಮ್ಮ ಮೈಯಾಗ ಏನ್ ಕರೆಂಟ್ ಐತೇನ್ರಿ?"

"ಹೆಸರ ಭಾಗ್ಯಜ್ಯೋತಿ ಐತ್ರಿ."

"ಹಂಗಾದ್ರ ಒಂದ ಬಲ್ಬಿನ ಸ್ಕೀಮ್ ಅನ್ರಿ!"

ಬಡವರ ಮನೆಗೆ ಸರಕಾರ ಒಂದೊಂದು ಬಲ್ಬು ಹಾಕಿಸುವ ಯೋಜನೆಗೂ ಅದೇ ಹೆಸರು. ಈ ಚೇಷ್ಟೆ ಅವಳಿಗೆ ಹೊಸದೇನಲ್ಲ.

"ಸ್ಕೀಮಿಗಿಂತ ಮೊದಲ ನಾ ಹುಟ್ಟೇನ್ರಿ. ಹೆಸರ ಕದ್ದವ್ರು ಸರಕಾರದವ್ರು!"

ಅವನು ನಕ್ಕ. ಅವನ ಹೆಸರು ಸಿದ್ದಲಿಂಗ. ಇಂಡಿ ಹತ್ತಿರದ ಸಾಲೋಟಗಿಯಲ್ಲಿ ನಿಂಬೆಯ ತೋಟವಿತ್ತು. ಅವನ ಅಂಗಿಯಿಂದಲೂ ನಿಂಬೆ ಎಲೆಯ ವಾಸನೆ ಬರುತ್ತಿತ್ತು.

"ಹೆಣ್ಣಮಕ್ಕಳು ಸ್ಕೋರ್ ಕೇಳಿದ್ದು ಇದ ಮೊದಲ ಸಲ ನೋಡ್ರಿ ನಾ ಕೇಳಿದ್ದು."

ಭಾಗ್ಯಜ್ಯೋತಿ ಸೀರೆಯ ನೆರಿಗೆಯನ್ನು ಕಾಲಿನ ಮೇಲೆ ಎಳೆದುಕೊಂಡಳು. ಚಿಕ್ಕಂದಿನ ಜ್ವರವೊಂದು ಅವಳ ಎಡಗಾಲನ್ನು ಸಣಕಲು ಮಾಡಿ ಹೋಗಿತ್ತು. ಕಣದಲ್ಲಿ ಓರಗೆಯವರೆಲ್ಲ ಓಡಿ ಆಡುವಾಗ ಅವಳು ಕಟ್ಟೆಯ ಮೇಲೆ ಕುಳಿತು ರೇಡಿಯೋ ಕೇಳುತ್ತಿದ್ದಳು. ರೇಡಿಯೋದ ಮುಂದೆ ಎಲ್ಲರೂ ಕುಳಿತೇ ಆಡುತ್ತಾರಲ್ಲ! ಅಲ್ಲಿ ಯಾರೂ ಕುಂಟರಲ್ಲ. ಶಿವನು ಒಂದು ಬಾಗಿಲು ಮುಚ್ಚಿದಲ್ಲಿ ಒಂದು ಕಿಂಡಿಯನ್ನಾದರೂ ಬಿಟ್ಟಿದ್ದ.

ಇಂಡಿಯ ಬಸ್ಸು ಬಂತು. ಹಿಂದೆಯೇ ಮೋರಟಗಿಯದ್ದೂ.

"ನಿಮ್ಮ ಬಸ್ಸೂ ಬಂತ್ರಿ. ಏಳ್ರಿ."

"ನೀವು ಹೋಗ್ರಿ... ನಾ ಏಳ್ತೇನಿ."

ಅವನ ಬಸ್ಸು ಹೊರಳುವವರೆಗೂ ಅವಳು ಏಳಲಿಲ್ಲ. ಆಮೇಲೆ ಎದ್ದು, ಕಾಲೆಳೆಯುತ್ತ ತನ್ನ ಬಸ್ಸಿನ ಕಡೆ ನಡೆದಳು.

'ನೋಡಲಿಲ್ಲ... ಸದ್ಯ, ನೋಡಲಿಲ್ಲ!'

* * *

ತಿಂಗಳು ಕಳೆಯುವುದರೊಳಗೆ ಸಾಲೋಟಗಿಯಿಂದ ಹೆಣ್ಣು ಕೇಳಿ ಬಂದರು. ಹುಡುಗನೇ ಬೆನ್ನುಹತ್ತಿ ಮನೆ ಹುಡುಕಿಸಿದ್ದನಂತೆ!

ಸುದ್ದಿ ಕೇಳಿದ ದಿನ ಭಾಗ್ಯಜ್ಯೋತಿ ದೇವರ ಜಗಲಿಯ ಮುಂದೆ ಬಹಳ ಹೊತ್ತು ಕುಳಿತಳು. ಏನು ಬೇಡಬೇಕೆಂದೇ ತಿಳಿಯಲಿಲ್ಲ. ಎದೆ ತುಂಬಿದಾಗ ಬೇಡಿಕೆಗೆ ಜಾಗವೆಲ್ಲಿ? ಒಂದೇ ಒಂದು ಅಂಜಿಕೆ ಮಾತ್ರ ಮುಳ್ಳಿನಂತೆ ಉಳಿಯಿತು.

'ಅವನು ನನ್ನನ್ನು ಕುಳಿತದ್ದಷ್ಟೇ ನೋಡಿದ್ದಾನೆ.'

ಅವಳ ತಂದೆ ಶಂಕರೆಪ್ಪ, ಸಿಂದಗಿ ಪೇಟೆಯಲ್ಲಿ ತೊಗರಿಯ ವ್ಯಾಪಾರ ಮಾಡುವವನು, ಮಾತಿಗೆ ಗಟ್ಟಿ ಮನುಷ್ಯ. ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಹೆಣ್ಣು ನೋಡಲು ಬಂದವರು 'ಹೇಳಿ ಕಳಸ್ತೀವಿ' ಎಂದು ಎದ್ದು ಹೋಗುವಂತಿಲ್ಲ. ನಡುಮನೆಯಲ್ಲಿ ವಿಭೂತಿ ಗಟ್ಟಿಯ ಮುಂದೆ ದೀಪ ಹಚ್ಚಿಡುತ್ತಿದ್ದರು. ಹುಡುಗ ತನ್ನ ಬಾಯಿಂದಲೇ ಹೇಳಬೇಕು. ದೀಪದೆದುರು ಆಡಿದ ಮಾತನ್ನು ಯಾರೂ ಹಿಂದೆ ತೆಗೆದುಕೊಳ್ಳುವಂತಿಲ್ಲ.

ಹೆಣ್ಣು ನೋಡುವ ದಿನ ಸಿದ್ದಲಿಂಗ ಕಿವಿ ಮುಚ್ಚುವಂತೆ ದೊಡ್ಡ ರುಮಾಲು ಸುತ್ತಿಕೊಂಡು ಬಂದಿದ್ದ.

"ಏನ್ ಗೌಡಕಿ ಸುತ್ಯಾನೋ ತಮ್ಮ!" ಎಂದು ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನಕ್ಕರು.

ಅವನ ಸೋದರತ್ತೆ ಹೊನ್ನವ್ವ ಒಳಗೆ ಕೂಗಿದಳು. "ಹುಡುಗಿನ್ನ ಕರೀರೆವಾ, ನೋಡೂಣು!"

ಭಾಗ್ಯಜ್ಯೋತಿ ಚಹಾದ ತಟ್ಟೆ ಹಿಡಿದು ಹೊಸ್ತಿಲು ದಾಟಿದಳು. ತಲೆ ಬಗ್ಗಿಸಿದ್ದಳು. ಬಲಗಾಲು... ಎಡಗಾಲು... ಕಪ್ಪುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

"ಏನಪಾ ಸಿದ್ದಲಿಂಗ," ಹೊನ್ನವ್ವ ಕೇಳಿದಳು, "ಹುಡುಗಿ ಒಪ್ಪಿಗಿ ಐತೇನ?"

"ಬ್ಯಾಡ! ಬ್ಯಾಡ! ಬ್ಯಾಡೋ...!"

ಅವನ ದನಿ ನಡುಮನೆಯ ತೊಲೆಗೆ ಬಡಿಯಿತು.

ದೀಪ ಉರಿಯುತ್ತಲೇ ಇತ್ತು.

ಭಾಗ್ಯಜ್ಯೋತಿ ಎತ್ತಿದ ಎಡಗಾಲನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ತಟ್ಟೆಯನ್ನು ಮಾತ್ರ ಬೀಳಗೊಡಲಿಲ್ಲ. ಅದೊಂದೇ ಮರ್ಯಾದೆ ಅವಳ ಕೈಯಲ್ಲಿ ಉಳಿದಿತ್ತು.

ಶಂಕರೆಪ್ಪ ಎದ್ದ. "ಏಳ್ರಿ. ದೀಪದ ಮುಂದ ಮಾತ ಬಂತು, ಮುಗೀತು."

"ಅಲ್ರಿ, ನಾ..." ಸಿದ್ದಲಿಂಗ ಗಾಬರಿಯಿಂದ ಎಲ್ಲರ ಮುಖ ನೋಡಿದ. ಏನು ಕೇಳಿದರೆಂಬುದೇ ಅವನಿಗೆ ತಿಳಿದಂತಿರಲಿಲ್ಲ. ಅಷ್ಟರಲ್ಲಿ ಹೊನ್ನವ್ವ ನಾಚಿಕೆಯಿಂದ ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿದ್ದಳು.

ತಾಯಿ ಗುಂಡವ್ವ ಮಗಳ ಕೈಯಿಂದ ತಟ್ಟೆ ತೆಗೆದುಕೊಂಡಳು. "ಅಳಬ್ಯಾಡ ಕೂಸ..."

"ನಾ ಅಳಾಕತ್ತಿಲ್ಲವಾ. ಚಹಾ ಆರಿತು ನೋಡು."

* * *

ಅಂದಿನಿಂದ ಭಾಗ್ಯಜ್ಯೋತಿ ಕ್ರಿಕೆಟ್ ಕೇಳಲಿಲ್ಲ.

ಹುಡುಗ ಹೋದ. ಹೋಗಲಿ, ಲೋಕದಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಹೀಗಾಗುತ್ತದೆ. ಆದರೆ ಕಟ್ಟೆಯ ಮೇಲೆ ಒಬ್ಬಳೇ ಕುಳಿತ ಕಾಲದಿಂದ ಅವಳ ಜೊತೆಗಿದ್ದ ಆ ಒಂದು ಆಟವನ್ನೂ ಅವನು ಒಯ್ದುಬಿಟ್ಟಿದ್ದ! ರೇಡಿಯೋ ಕೊರಕೊರ ಎಂದರೆ ಸಾಕು, ಬಸ್ ನಿಲ್ದಾಣದ ಕಲ್ಲುಬೆಂಚು ಕಣ್ಣಮುಂದೆ ಬರುತ್ತಿತ್ತು. ಅದರ ಬೆನ್ನಿಗೇ ಆ ದನಿ. ಬ್ಯಾಡ!

ಮತ್ತೆ ಬಂದ ಸಂಬಂಧಗಳಿಗೆ ಅವಳು ಹೊರಗೇ ಬರಲಿಲ್ಲ.

ಶಂಕರೆಪ್ಪ ಕಾಯಿಲೆ ಬಿದ್ದ. ಕೊನೆಯ ದಿನಗಳಲ್ಲಿ ಮಗಳ ಕೈ ಹಿಡಿದು ಏನೋ ಹೇಳಲು ಬಾಯಿ ತೆರೆಯುತ್ತಿದ್ದ. "ಆ ಹುಡುಗ..." ಎನ್ನುತ್ತಿದ್ದ. ಅವಳು ಹಣೆಗೆ ವಿಭೂತಿ ಹಚ್ಚಿ, "ಹಳೇದು ಬಿಡೋ ಅಪ್ಪಾ" ಎಂದು ಸುಮ್ಮನಾಗಿಸುತ್ತಿದ್ದಳು. ಅವನು ಆ ಮಾತನ್ನು ನುಂಗಿಕೊಂಡೇ ಹೋದ.

ತಾಯಿಯ ತವರು ಇಂಡಿ. ಅಂಗವಿಕಲರ ಮೀಸಲಿನಲ್ಲಿ ಅವಳಿಗೆ ಅಲ್ಲೇ ಒಂದು ಎಸ್‌ಟಿಡಿ ಬೂತು ಸಿಕ್ಕಿತು. ಹಿಂದೆಯೇ ಮನೆ. ಕುಳಿತು ಮಾಡುವ ಕೆಲಸ. ಊರಿನ ಎಲ್ಲರ ಸುಖದುಃಖ ಅವಳ ಕಿವಿಯ ಪಕ್ಕದಲ್ಲೇ ಹಾದು ಹೋಗುತ್ತಿತ್ತು. ಅವಳಿಗೆ ಮಾತ್ರ ಯಾರ ಫೋನೂ ಬರುತ್ತಿರಲಿಲ್ಲ.

ಎದುರಿಗೆ ಅಫ್ತಾಬನ ಟಿವಿ ರಿಪೇರಿ ಅಂಗಡಿ. ಪಂದ್ಯವಿದ್ದರೆ ಅವನು ಟಿವಿಯನ್ನು ರಸ್ತೆಯ ಕಡೆ ತಿರುಗಿಸಿ ಇಡುತ್ತಿದ್ದ, ಜನ ಜಾತ್ರೆಯಾಗುತ್ತಿದ್ದರು. ಅಂಥ ದಿನ ಭಾಗ್ಯಜ್ಯೋತಿ ಬೂತಿನ ಪರದೆ ಎಳೆದುಕೊಂಡು ಕೂರುತ್ತಿದ್ದಳು.

* * *

ಆಫ್ರಿಕಾದಲ್ಲಿ ವಿಶ್ವಕಪ್ ನಡೆದ ವರ್ಷ. ಅಂತಿಮ ಪಂದ್ಯ. ಇಂಡಿಯ ಅರ್ಧ ಊರೇ ಅಫ್ತಾಬನ ಅಂಗಡಿಯ ಮುಂದಿತ್ತು.

ಪರದೆಯಾಚೆಯಿಂದ ಬಂದ ಸದ್ದುಗಳಲ್ಲೇ ಅವಳಿಗೆ ಎಲ್ಲ ತಿಳಿಯುತ್ತಿತ್ತು. ಬೇಡವೆಂದರೂ ಕಿವಿ ಕೇಳಬೇಕಲ್ಲ! ಎದುರಾಳಿಗಳು ಗುಡ್ಡದಂಥ ಮೊತ್ತ ಹೇರಿದ್ದರು. ನಮ್ಮವರಲ್ಲಿ ಒಬ್ಬ ಮಾತ್ರ ಹೊಡೆಯುತ್ತಿದ್ದ. ಅವನಿರುವವರೆಗೆ ಆಸೆಯಿತ್ತು.

ಆಗ ಆ ಒಬ್ಬನೇ ಆಟಗಾರ ಇಲ್ಲದ ರನ್ನಿಗೆ ಓಡಿದ.

"ಬ್ಯಾಡ! ಬ್ಯಾಡ! ಬ್ಯಾಡೋ...!"

ಭಾಗ್ಯಜ್ಯೋತಿಯ ಕೈಯಿಂದ ರಿಸೀವರ್ ಜಾರಿತು.

ಅದೇ ದನಿ! ಅದೇ ಮೂರು ಸಲ, ಅದೇ ಏರು, ಕೊನೆಗೆ ಅದೇ ಎಳೆತ. ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡು ಸಾಕಿದ ದನಿ ಅವಳಿಗೆ ಗುರುತು ಸಿಗದೇ ಇರುತ್ತದೆಯೇ?

ಆದರೆ ಇವತ್ತು ಅದರಲ್ಲಿ ಹೇಸಿಕೆ ಇರಲಿಲ್ಲ. ಬೀಳಲಿರುವ ಕೂಸನ್ನು ಕಂಡು ತಾಯಿ ಕೂಗುವ ಕೂಗು ಅದು...

'ಹಾಗಾದರೆ ಅವತ್ತು?'

ಅವಳು ಪರದೆ ಸರಿಸಿದಳು. ರಸ್ತೆಗೆ ಇಳಿದಳು. ಇಡೀ ಊರಿನ ಮುಂದೆ, ದೀಪಗಳ ಬೆಳಕಿನಲ್ಲಿ, ಕಾಲೆಳೆಯುತ್ತ ನೇರ ನಡೆದಳು.

"ಏ ಸಿದ್ದ್ಯಾ," ಅಫ್ತಾಬ ಪಿಸುಗುಟ್ಟಿದ, "ಟಿವಿ ಬಿಡಲೇ! ಆಕಿ ಬರಾಕತ್ತಾಳ!"

ಸಿದ್ದಲಿಂಗ ತಿರುಗಿದ. ಕಿವಿಯ ಬಳಿ ಕೂದಲು ನರೆತಿತ್ತು. ಮುಖ ಬಿಳಿಚಿತು.

"ಒಂದ ಮಾತ ಕೇಳ್ತೇನ್ರಿ," ಅವಳ ದನಿ ನಡುಗಲಿಲ್ಲ. "ಅವತ್ತ ನಮ್ಮನ್ಯಾಗ ಬ್ಯಾಡ ಅಂದದ್ದು ಯಾರಿಗೆ?"

ಅವನು ತಲೆ ತಗ್ಗಿಸಿದ.

"ಬ್ಯಾಟ್ಸಮನ್ನಗ್ರಿ."

ಗದ್ದಲದ ನಡುವೆ ಅವಳಿಗೊಬ್ಬಳಿಗೇ ಆ ಮಾತು ಕೇಳಿಸಿತು.

"ರುಮಾಲಿನ್ಯಾಗ ಇಯರ್‌ಫೋನ್ ಇತ್ರಿ. ಇಲ್ಲದ ರನ್ನಿಗೆ ಓಡಿದಾ... ನನಗ ಅರಿವಿಲ್ದ ಬಾಯಿಂದ ಬಂತು. ಅತ್ತಿ ಕೇಳಿದ್ದು ನನಗ ಕೇಳಿಸೇ ಇಲ್ರಿ!"

"ಕನ್ಯಾ ನೋಡಾಕ ಬಂದಾವ ಕಿವ್ಯಾಗ ರೇಡಿಯೋ ಇಟಗೊಂಡ ಬರ್ತಾನೇನ್ರಿ ಯಾರರ?"

"ಇಬ್ರನ್ನೂ ಒಂದ ಗಳಿಗಿ ಮಾತಾಡಾಕ ಬಿಡ್ತಾರಂತ ಹೇಳಿದ್ರು. ನೀವು ಮೊದಲ ಸ್ಕೋರ್ ಕೇಳ್ತೀರಿ ಅನಕೊಂಡ್ನಿ. ಗೊತ್ತಿಲ್ಲ ಅಂದ್ರ ಹೆಂಗ್ರಿ? ಅದಕ್ಕ..."

ಭಾಗ್ಯಜ್ಯೋತಿಗೆ ನಗು ಬಂತೋ ಅಳು ಬಂತೋ, ಅವಳಿಗೇ ತಿಳಿಯಲಿಲ್ಲ. ಒಂದು ಸ್ಕೋರು! ಅವಳಿಗೆ ಹೇಳಲೆಂದು ಕಾದಿಟ್ಟ ಒಂದು ಸ್ಕೋರಿಗಾಗಿ ಒಂದು ಬಾಳು ಹೋಯಿತೆ!

"ಬಂದು ಹೇಳಬೇಕಿತ್ತ."

"ಮರದಿನಾನ ಪ್ಯಾಟ್ಯಾಗ ನಿಮ್ಮ ಅಪ್ಪಾರ ಕಾಲ ಹಿಡಿದ್ನಿ. 'ನನ್ನ ಮಗಳು ನಡಕೋತ ಬರಾಕತ್ತಾಗ ನಿನ್ನ ಕಿವಿ ಎಲ್ಲಿತ್ತಲೇ?' ಅಂದ್ರು. ಅದಕ್ಕ ಏನ್ ಉತ್ತರ ಕೊಡ್ಲಿ? ಇವತ್ತಿಗೂ ಸಿಕ್ಕಿಲ್ರಿ. ಅದು ಸಿಗದ ಬ್ಯಾರೆ ಕನ್ಯಾನೂ ನೋಡಾಕ ಹೋಗಲಿಲ್ಲ."

ತಂದೆಯ ತೆರೆದ ಬಾಯಿ ನೆನಪಾಯಿತು. 'ಹಳೇದು ಬಿಡೋ ಅಪ್ಪಾ' ಎಂದವಳು ತಾನೇ...

"ನಾ ತಿಳದದ್ದು..." ಅವಳು ತನ್ನ ಎಡಗಾಲಿನ ಕಡೆ ನೋಡಿದಳು. "ನನ್ನ ಕಾಲ ನೋಡಿ ಅಂದ್ರಿ ಅಂತ."

ಅವನು ತಟ್ಟನೆ ತಲೆಯೆತ್ತಿದ.

"ಕಾಲ? ಅದನ್ನ ಸಿಂದಗ್ಯಾಗ ನೋಡೇನಲ್ರಿ! ಬಸ್ಸು ಹೊಳ್ಳಿದ ಮ್ಯಾಲ ಹಿಂದಿನ ಗಾಜಿನ್ಯಾಗ. ನಾ ಹೋಗಲಿ ಅಂತ ಕುಂತ್ರಿ, ಆಮ್ಯಾಲ ಎದ್ರಿ. ನನ್ನಿಂದ ಮುಚ್ಚಿಡೂವಂಗ ಆತಲ್ಲ ಅಂತ ಮನಿ ಮುಟ್ಟೂತನಾ ಕರಳ ಚುರ್ ಅಂತು. ನೋಡೇ ಕೇಳಾಕ ಬಂದದ್ರಿ ನಾ."

ಅವಳು ಅಳತೊಡಗಿದಳು. ಅಂದು ಉಳಿಸಿಕೊಂಡದ್ದೆಲ್ಲ ಇಂದು ಹರಿಯಿತು.

ಟಿವಿಯಲ್ಲಿ ಮತ್ತೊಂದು ವಿಕೆಟ್ ಬಿತ್ತು. ಜನ ನಿಟ್ಟುಸಿರು ಬಿಡುತ್ತ ಒಬ್ಬೊಬ್ಬರೇ ಕರಗಿದರು. ಅಳುವವರು ಅಲ್ಲಿ ಇನ್ನೂ ನಾಲ್ಕು ಮಂದಿ ಇದ್ದರು. ಹಾಗಾಗಿ ಅವಳ ಅಳು ಯಾರ ಕಣ್ಣಿಗೂ ಬೀಳಲಿಲ್ಲ. ಶಿವನ ಕರುಣೆ ಎಂಥೆಂಥ ವೇಷದಲ್ಲಿ ಬರುತ್ತದೋ!

"ಇಲ್ಲಿಗೆ ಯಾಕ ಬರ್ತೀರಿ?" ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು. "ಸಾಲೋಟಗ್ಯಾಗ ಟಿವಿ ಇಲ್ಲೇನ್?"

"ಅವೇನ ಬೇಕಾದಷ್ಟ ಅದಾವ್ರಿ. ಮ್ಯಾಚ್ ಇದ್ದಾಗಷ್ಟ ಇಲ್ಲಿ ನಿಂತ್ರ ಯಾರೂ ಯಾಕ ಅನ್ನೂದಿಲ್ಲ. ಒಮ್ಮೆರ ನಿಮ್ಮನ್ನ ನೋಡ್ಬಹುದು ಅಂತ..."

"ಮ್ಯಾಚ್ ಇದ್ದಾಗ ನಾ ಪರದೆ ಎಳಿತಿದ್ನಿ."

"ಗೊತ್ತೈತ್ರಿ. ಪರದೆ ನೋಡಕೋತ ನಿಲ್ತಿದ್ನಿ."

ಹೋದ ವರ್ಷಗಳನ್ನು ಯಾರು ಯಾರಿಗೆ ತಿರುಗಿ ಕೊಡಬೇಕು?

ಸಿದ್ದಲಿಂಗ ಕೊನೆಗೆ ಅಂಜುತ್ತಲೇ ಬಾಯಿ ತೆರೆದ.

"ಆಟದಾಗ ಕಾಲ ನೋವಾದವ್ರಿಗೆ ರನ್ನರ್ ಕೊಡ್ತಾರಲ್ರಿ... ಅವ್ರ ಬದಲಿ ಓಡಾಕ. ನಾ... ನಿಮಗ..."

"ನಿಯಮ ಗೊತ್ತಿಲ್ಲೇನ ನಿಮಗ?" ಅವಳು ಮೂಗೊರೆಸಿಕೊಂಡಳು. "ಆಟ ನಡದಾಗ ಗಾಯ ಆದ್ರ ಅಷ್ಟ ರನ್ನರ್. ನನ್ನ ಕಾಲ ಆಟಕ್ಕ ಬರೂಕಿಂತ ಮೊದಲ ಹಿಂಗೈತಿ. ಅದಕ್ಕ ಸಿಗೂದಿಲ್ಲ. ಈ ಕಾಲಿಂದ ನಾನ ನಡೀತೇನಿ."

ಅವನ ಮುಖ ಬಾಡಿತು.

"ಆದ್ರ..." ಅವಳು ಎದೆಯ ಮೇಲೆ ಸೆರಗು ಸರಿಮಾಡಿಕೊಂಡಳು. "ಇಲ್ಲಿ ಒಂದ ಗಾಯ ಐತಿ. ಅದು ಆಟ ನಡದಾಗ ಆದದ್ದ."

ಅವನಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ತಿಳಿದಾಗ ಕಣ್ಣು ತುಂಬಿತು.

"ಅದಕ್ಕ ಕೊಡ್ತಾರೇನ್ರಿ?"

"ಅಂಪೈರ್ ಒಪ್ಪಬೇಕು."

"ಅಂಪೈರ್ ಯಾರ್ರಿ?"

"ನಮ್ಮವ್ವ. ಒಳಗ ರೊಟ್ಟಿ ಬಡಿಯಾಕತ್ತಾಳ." ಅವಳು ಬೂತಿನ ಕಡೆ ತಿರುಗಿ, ನಿಂತು, ಅವನಿಗಾಗಿ ಕಾದಳು. "ಬರ್ರಿ. ಊಟಾ ಮಾಡಿ ಕೇಳ್ರಿ."