ಶನಿವಾರದ ಹತ್ತು ಅಂಕಿ

ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ನಮ್ಮ ಆಸ್ಪತ್ರೆಯ ಶಸ್ತ್ರಚಿಕಿತ್ಸೆ ಕಟ್ಟಡದಲ್ಲಿ ಒಂದು ಜೀವ ಹೋಗುವುದರಲ್ಲಿತ್ತು. ಮೇಜಿನ ಮೇಲೆ ರೋಗಿ. ಪರದೆಯ ಮೇಲೆ ಅವರ ರಕ್ತದ ವರದಿ—ಎಲ್ಲವೂ ಸರಿ. ಡಾಕ್ಟರು ಚಾಕುವಿಗೆ ಕೈ ಚಾಚಿದ್ದರು. ಅಷ್ಟರಲ್ಲಿ ನರ್ಸಮ್ಮ ವರದಿಯ ಮೂಲೆಯಲ್ಲಿದ್ದ ತಾರೀಖು ನೋಡಿ ತಡೆದರು. ಅದು ಎಂಟು ದಿನದ ಹಿಂದಿನ ವರದಿ! ಅಂದು ಬೆಳಗಿನ ವರದಿಯಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಇರಲಿಲ್ಲ. ಕುಯ್ದಿದ್ದರೆ ಕಥೆ ಮುಗಿದಿತ್ತು.

ಪ್ರಯೋಗಾಲಯಕ್ಕೆ ಶನಿವಾರವೇ ಹೊಸ ಕಂಪ್ಯೂಟರ್ ಬಂದಿತ್ತು. ಆದರೂ ಆ ಕಟ್ಟಡದ ಯಂತ್ರಗಳೆಲ್ಲ ಹಳೆಯ ಕಂಪ್ಯೂಟರಿನ ಬಾಗಿಲು ತಟ್ಟಿದ್ದವು. ಏಕೆ? ತಟ್ಟಿಸಿದವರು ಯಾರು?

ಆಪಾದನೆ ಬಂದದ್ದು ನನ್ನ ತಂಗಿಯ ಮಗಳು ಪುಟ್ಟಿಯ ತಲೆಗೆ. ನಾನು ಅದೇ ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತ. ಕಂಪ್ಯೂಟರಿನ ವಿಷಯದಲ್ಲಿ ಅಷ್ಟಕ್ಕಷ್ಟೆ. ಆದರೆ ಈ ಹುಡುಗಿ ಎರಡು ತಿಂಗಳಿಂದ ಊಟಕ್ಕೆ ಕೂತಾಗಲೆಲ್ಲ ಅದನ್ನೇ ಹೇಳಿ ಹೇಳಿ ನನ್ನ ತಲೆಗೂ ಸ್ವಲ್ಪ ತುಂಬಿದ್ದಳು. ಪ್ರತಿ ಕಂಪ್ಯೂಟರಿಗೂ ಫೋನಿನ ಹಾಗೆ ಒಂದು ನಂಬರು. ಹೆಸರು ಹೇಳಿದರೆ ನಂಬರು ಹೇಳುವುದು ನೇಮ್ ಸರ್ವರ್. ಅದನ್ನು ಅವಳು ಲಿನಕ್ಸ್ ಎಂಬ ತಂತ್ರಾಂಶ ಹಾಕಿ ಎರಡು ಯಂತ್ರಗಳಲ್ಲಿ ಕೂರಿಸಿದ್ದಳು. ಮುಖ್ಯ ಕಟ್ಟಡದ್ದು ಹಿರಿಯ, ಶಸ್ತ್ರಚಿಕಿತ್ಸೆ ಕಟ್ಟಡದ್ದು ಕಿರಿಯ. ಹೆಸರುಗಳ ಫೈಲನ್ನು ತಿದ್ದುವುದು ಹಿರಿಯನಲ್ಲಿ ಮಾತ್ರ. ಕಿರಿಯ ಅದನ್ನು ನಕಲು ಮಾಡಿಕೊಳ್ಳುತ್ತದೆ. ಶನಿವಾರ ಹೊಸ ಕಂಪ್ಯೂಟರಿನ ನಂಬರನ್ನೂ ಅವಳು ಹಿರಿಯನಲ್ಲಿ ಬರೆದಿದ್ದಳು.

ಹಿರಿಯನ ಪಾಸ್‌ವರ್ಡ್ ಗೊತ್ತಿದ್ದವರು ಇಬ್ಬರೇ—ಪುಟ್ಟಿ ಮತ್ತು ಮೇಷ್ಟ್ರು. ಮೇಷ್ಟ್ರು ಎಂದರೆ ಅವಳಿಗೆ ಈ ಕೆಲಸ ಕಲಿಸಿದ ಹಿರಿಯ ತಂತ್ರಜ್ಞರು. ಇಪ್ಪತ್ತು ವರ್ಷ ಹೆಸರು, ನಂಬರುಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದೇ ಕಂಪ್ಯೂಟರಿಗೆ ತಾವೇ ತುಂಬಿಸಿದ ಪುಣ್ಯಾತ್ಮರು. ಹೊಸದರ ಗಂಧಗಾಳಿಯೂ ತಮಗಿಲ್ಲ ಎಂದರು. ಆಡಳಿತಾಧಿಕಾರಿಯೋ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಪುಟ್ಟಿಯಿಂದ ಸರ್ವರ್ ಕೋಣೆಯ ಬೀಗದ ಕೈ ಕಿತ್ತುಕೊಂಡು ಅವಳನ್ನು ನನ್ನ ಕೋಣೆಯಲ್ಲಿ ಕೂರಿಸಿದ. ಐದು ಗಂಟೆಯೊಳಗೆ ತಪ್ಪೊಪ್ಪಿಗೆ ಬರೆದು ಕೆಲಸ ಬಿಡಬೇಕು, ಇಲ್ಲದಿದ್ದರೆ ಪೊಲೀಸು. ಎರಡೂ ಸರ್ವರುಗಳ ಫೈಲಿನ ಪ್ರಿಂಟು ತೆಗೆಸಿ ನನಗೆ ಕೊಟ್ಟ. ದಾಖಲೆಗೆ ಸೇರಿಸು, ಅವಳಿಗೆ ತೋರಿಸಬೇಡ ಎಂದ. ನಾನು ತೋರಿಸಲಿಲ್ಲ.

ನನಗೆ ಗುಮಾನಿ ಇದ್ದದ್ದು ಹೊಸ ಕಂಪ್ಯೂಟರ್ ಜೋಡಿಸಲು ಬಂದಿದ್ದ ಗುತ್ತಿಗೆಯವನ ಮೇಲೆ. ವಿಚಾರಿಸಿದರೆ ಅವನು ಶನಿವಾರ ಹನ್ನೆರಡಕ್ಕೇ ಹೊರಟುಹೋಗಿದ್ದ. ಪಾಸ್‌ವರ್ಡ್ ಇರಲಿ, ಆ ಕೋಣೆ ಎಲ್ಲಿದೆ ಎನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಆಮೇಲೆ ನನಗೂ ದಾರಿ ಕಾಣಲಿಲ್ಲ. ತಪ್ಪೊಪ್ಪಿಗೆಯನ್ನು ನಾನೇ ಟೈಪ್ ಮಾಡಿ ಅವಳ ಮುಂದಿಟ್ಟೆ. ಸಹಿ ಹಾಕಿಬಿಡು, ಪೊಲೀಸಿನ ಗೋಜಾದರೂ ತಪ್ಪುತ್ತದೆ ಎಂದೆ.

"ನಾನು ಮಾಡಿಲ್ಲ, ಮಾವ" ಅಂದಳು. ಅಷ್ಟೇ.

ನಾಲ್ಕು ಗಂಟೆಯ ಹೊತ್ತಿಗೆ ಔಷಧಿ ಉಗ್ರಾಣದ ಅಕ್ಕ ಯಾವುದೋ ಕಡತ ಕೇಳಲು ಬಂದರು. ಹುಡುಗಿಯ ಮುಖ ನೋಡಿದರು, ಕುರ್ಚಿ ಎಳೆದುಕೊಂಡರು. ವಿಷಯ ಬಿಡಿಸಿ ಬಿಡಿಸಿ ಕೇಳಿದರು. ಕೊನೆಗೆ ಪ್ರಿಂಟು ಕೊಡಿ ಎಂದು ಕೈ ಚಾಚಿದರು. ಅಧಿಕಾರಿ ಬೇಡ ಅಂದಿದ್ದಾರೆ ಎಂದೆ.

"ಅವಳಿಗೆ ಬೇಡ ಅಂದಿದ್ದಾರೆ. ನನಗಲ್ಲವಲ್ಲ?"

ಕೊಟ್ಟೆ. ಅವರು ಹೆಸರುಗಳನ್ನು ನೋಡಲೇ ಇಲ್ಲ. ಎರಡೂ ಹಾಳೆಗಳ ತಲೆಯಲ್ಲಿದ್ದ ಹತ್ತು ಅಂಕಿಯ ಮೇಲೆ ಬೆರಳಿಟ್ಟರು. ಹಿರಿಯನಲ್ಲಿ 2024062201. ಕಿರಿಯನಲ್ಲಿ 2206202401.

"ಇದೇನಮ್ಮ?"

ಅದು ಫೈಲಿನ ಕ್ರಮಸಂಖ್ಯೆ ಎಂದಳು ಪುಟ್ಟಿ. ವರ್ಷ, ತಿಂಗಳು, ದಿನ, ಅವತ್ತು ಎಷ್ಟನೇ ತಿದ್ದುಪಡಿ ಎಂಬ ಎರಡಂಕಿ. ಹಿರಿಯನ ಸಂಖ್ಯೆ ತನ್ನದಕ್ಕಿಂತ ದೊಡ್ಡದಿದ್ದರೆ ಮಾತ್ರ ಕಿರಿಯ ನಕಲು ಮಾಡಿಕೊಳ್ಳುತ್ತದೆ. ಚಿಕ್ಕದಿದ್ದರೆ ತಿರುಗಿಯೂ ನೋಡುವುದಿಲ್ಲ.

"ಹಾಗಾದ್ರೆ ಇವೆರಡರಲ್ಲಿ ಯಾವುದು ದೊಡ್ಡದು?"

ಪುಟ್ಟಿ ಬಗ್ಗಿ ನೋಡಿದಳು. ಎದ್ದು ನಿಂತಳು. "ಕಿರಿಯನದೇ ದೊಡ್ಡದು. ಇದು ನಾನು ಬರೆದಿದ್ದಲ್ಲ, ಅಕ್ಕ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಆ ಹಾಳೆ ಬೆಳಗಿನಿಂದ ನನ್ನ ಮೊಣಕೈ ಕೆಳಗೇ ಇತ್ತು!

ಅಕ್ಕ ನಮ್ಮನ್ನು ಸರ್ವರ್ ಕೋಣೆಗೆ ನಡೆಸಿದರು. ಅಧಿಕಾರಿಯನ್ನೂ ಮೇಷ್ಟ್ರನ್ನೂ ಕರೆಸಿದರು. ಗೋಡೆಯ ಮೇಲೆ ಮೇಷ್ಟ್ರ ಹಳೆಯ ಪಟ್ಟಿ ಇನ್ನೂ ಅಂಟಿಕೊಂಡಿತ್ತು.

"ಇದನ್ನ ಬರೆದಿದ್ದು ಯಾರು?"

"ನಾನೇ," ಎಂದರು ಮೇಷ್ಟ್ರು. "ಆದ್ರೆ ಶನಿವಾರ ನಾನು ಆ ಫೈಲು ಮುಟ್ಟಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಫೈಲಿನ ಮಾತು, ಶನಿವಾರದ ಮಾತು—ಅಕ್ಕ ಎತ್ತಿಯೇ ಇರಲಿಲ್ಲ.

"ನನಗೆ ಕಂಪ್ಯೂಟರ್ ಗೊತ್ತಿಲ್ಲ," ಎಂದರು ಅಕ್ಕ. "ಡಬ್ಬಿ ಮೇಲಿನ ತಾರೀಖು ಓದೋದು ಗೊತ್ತು. ಕೆಲವರು ವರ್ಷ ಮೊದಲು ಹಾಕ್ತಾರೆ, ಕೆಲವರು ದಿನ ಮೊದಲು. ತಪ್ಪು ಓದಿದ್ರೆ ಹಾಳಾದ ಔಷಧಿ ರೋಗಿಯ ಮೈಗೆ ಹೋಗುತ್ತೆ. ಈ ಹುಡುಗಿ ಯಾವಾಗಲೂ ವರ್ಷ ಮೊದಲು. ಕಿರಿಯನಲ್ಲಿರೋದು ಅದೇ ಶನಿವಾರ, ಇಪ್ಪತ್ತೆರಡನೇ ತಾರೀಖು. ಆದ್ರೆ ದಿನ ಮೊದಲು. ಈ ಪಟ್ಟಿ ಕೊನೇಲಿ ನೋಡಿ."

ನೋಡಿದೆವು. 0503202402. ಮಾರ್ಚ್ ಐದು, ಎರಡನೇ ತಿದ್ದುಪಡಿ. ಹತ್ತೇ ಅಂಕಿ. ಇಪ್ಪತ್ತು ವರ್ಷದ ಕೈ.

ಮೇಷ್ಟ್ರು ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುತ್ತಾರೆ ಎಂದು ಕೇಳಿದ್ದರಂತೆ. ಅದನ್ನು ಒಂದು ಸಲ ಹೆಸರು ಹಿಡಿದು ಕರೆಯಬೇಕು, ಅದು ಓಗೊಡುವುದನ್ನು ನೋಡಬೇಕು ಎನ್ನಿಸಿತಂತೆ. ಹಿರಿಯನಲ್ಲಿ ಪುಟ್ಟಿಯ ಫೈಲನ್ನು ಪಕ್ಕಕ್ಕಿಟ್ಟು, ಹಳೆಯ ನಂಬರಿದ್ದ ತಮ್ಮದನ್ನು ಹಾಕಿದರು, ಅರ್ಧ ಗಂಟೆಯ ನಂತರ ಅವಳದನ್ನು ಹಾಗೇ ವಾಪಸು ಇಟ್ಟರು. ಹಿರಿಯ ಸರಿಹೋಯಿತು. ಅಷ್ಟರಲ್ಲಿ ಕಿರಿಯ ನಕಲು ಮಾಡಿಕೊಂಡಾಗಿತ್ತು. ಅವಳ ಚಿಕ್ಕ ಸಂಖ್ಯೆಗೆ ಅದು ಮತ್ತೆ ಬಗ್ಗಲಿಲ್ಲ.

"ಎಲ್ಲಾ ಮೊದಲಿನ ಹಾಗೇ ಇಟ್ಟೆ ಅಂದ್ಕೊಂಡಿದ್ದೆ, ತಾಯಿ."

"ಶನಿವಾರದ್ದು ಕೈತಪ್ಪು, ಮೇಷ್ಟ್ರೇ," ಎಂದರು ಅಕ್ಕ. "ಇವತ್ತು ಹತ್ತರಿಂದ ನಾಲ್ಕರವರೆಗೆ ಬಾಯಿ ಮುಚ್ಚಿಕೊಂಡು ಕೂತ್ರಲ್ಲ, ಅದು ಅಪರಾಧ."

ಪುಟ್ಟಿ ಕೀಲಿಮಣೆಯ ಮುಂದೆ ಕೂತಳು. ಸಂಖ್ಯೆಯನ್ನು ಮತ್ತೆ ಅವಳ ರೀತಿಗೇ ತರಬಹುದಲ್ಲ ಎಂದೆ. "ಸುಲಭಕ್ಕೆ ಹಿಂದಕ್ಕೆ ಬರಲ್ಲ, ಮಾವ" ಎಂದು ಹಿರಿಯನಲ್ಲಿ 2206202402 ಒತ್ತಿದಳು. ಕಿರಿಯ ನಕಲು ಮಾಡಿಕೊಂಡಿತು. ಪಕ್ಕದ ಕಟ್ಟಡದ ಪರದೆಗಳಿಗೆ ಹೊಸ ವರದಿ ಬಂತು. ಇಂದಿಗೂ ಆ ಸಂಖ್ಯೆ ಮೇಷ್ಟ್ರ ಶನಿವಾರದಿಂದಲೇ ಏರುತ್ತಿದೆ.

ಅಧಿಕಾರಿ ಬೀಗದ ಕೈ ವಾಪಸು ಕೊಟ್ಟ. ಪುಟ್ಟಿ ಚೀಲ ತೆಗೆದುಕೊಳ್ಳಲು ನನ್ನ ಕೋಣೆಗೆ ಬಂದಳು. ಸಹಿಯಿಲ್ಲದ ತಪ್ಪೊಪ್ಪಿಗೆ ಮೇಜಿನ ಮೇಲೇ ಇತ್ತು. ಕೈಗೆತ್ತಿಕೊಂಡು ಪೂರ್ತಿ ಓದಿದಳು.

"ಇದನ್ನ ಬರೆದಿದ್ದು ಯಾರು, ಮಾವ?"

"ನಾನು."

ಅವಳು ಅದನ್ನು ಇದ್ದಲ್ಲೇ ಇಟ್ಟು ಹೊರಟಳು. ಅಕ್ಕ ಹೇಳಿದ ಆ ಆರು ಗಂಟೆ, ಹಾಳೆಯನ್ನು ಮೊಣಕೈ ಕೆಳಗಿಟ್ಟುಕೊಂಡು ನಾನೂ ಸುಮ್ಮನೆ ಕೂತಿದ್ದೆ.