ಬಿಸಿಲಿಗಿಟ್ಟ ಸೀಸೆ

೨೦೨೩ರ ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಕ್ಯಾನ್ಸರ್ ಸಂಶೋಧನಾ ಲ್ಯಾಬಿನ ಮುಖ್ಯಸ್ಥ ಡಾ. ಚಂದ್ರಮೋಹನ್ ಸ್ಯಾನ್ ಡಿಯಾಗೊ ಪೊಲೀಸ್ ಠಾಣೆಗೆ ಬಂದು ಕಳ್ಳತನದ ದೂರು ಕೊಟ್ಟರು. ನಮ್ಮೂರಲ್ಲಾದರೆ ಎಫ್‌ಐಆರ್, ಇಲ್ಲಿ ಕ್ರೈಮ್ ರಿಪೋರ್ಟ್. ಹೆಸರು ಬೇರೆ, ತಲೆನೋವು ಅದೇ. ಬರೆದುಕೊಂಡವಳು ಡಿಟೆಕ್ಟಿವ್ ಅಮ್ರೀನ್. ಮೈಸೂರಿನಲ್ಲಿ ಹುಟ್ಟಿ, ಇಲ್ಲಿ ಬೆಳೆದು, ಯಾರನ್ನೂ ಸುಲಭಕ್ಕೆ ನಂಬದ ಹೆಂಗಸು. ದೂರು ಕೊಟ್ಟವರನ್ನೇ ಮೊದಲು ಅನುಮಾನಿಸುವುದು ಅವಳ ಚಾಳಿ.

"ಕಳುವಾಗಿದ್ದೇನು?"

"ಕ್ಯಾನ್ಸರ್ ಮದ್ದು. ಮೈಗೆ ಚುಚ್ಚಿದ್ರೆ ಗಡ್ಡೆಯಲ್ಲಿ ಸುಮ್ನೆ ಕೂತಿರುತ್ತೆ. ಕೆಂಪು ಲೇಸರ್ ಬಿಟ್ರೆ ಎಚ್ಚರಾಗಿ ಗಡ್ಡೆನ ಸುಡುತ್ತೆ. ಮೊನ್ನೆ ಇಲಿಗಳಿಗೆ ಕೊಟ್ಟು ಲೇಸರ್ ಬಿಟ್ವಿ, ಏನೂ ಆಗ್ಲಿಲ್ಲ. ಟೆಸ್ಟ್ ಮಾಡಿದ್ರೆ ಸೀಸೆಯಲ್ಲಿದ್ದದ್ದು ಬರೀ ಹಸಿರು ನೀರು."

"ಇದು ಯಾರ್ಯಾರಿಗೆ ಗೊತ್ತು?"

"ನನಗೆ. ಈಗ ನಿಮಗೆ."

"ಕದ್ದ ಮದ್ದನ್ನ ಯಾರಿಗಾದ್ರೂ ಚುಚ್ಚಿದ್ರೆ?"

ಚಂದ್ರಮೋಹನರ ಮುಖ ಸಪ್ಪಗಾಯಿತು. "ಮನುಷ್ಯರಿಗೆ ಇನ್ನೂ ಕೊಟ್ಟೇ ಇಲ್ಲ ಮೇಡಂ. ಚರ್ಮದಲ್ಲೂ ನಿಲ್ಲುತ್ತೆ ಅದು. ಬಿಸಿಲಿಗೆ ಹೋದ್ರೆ ಮೈ ಬೆಂದು ಹೋಗುತ್ತೆ. ಜೀವಾನೂ ಹೋಗಬಹುದು."

ಅಲ್ಲಿಗೆ ಇದು ಬರೀ ಕಳ್ಳತನವಾಗಿ ಉಳಿಯಲಿಲ್ಲ. ಅಮ್ರೀನ್ ಆಫೀಸರ್ ರೂಬೆನ್‌ನನ್ನು ಕರೆದುಕೊಂಡು ಡೆಲ್ ಮಾರ್ ಹತ್ತಿರದ ಅವರ ಲ್ಯಾಬಿಗೆ ಹೊರಟಳು. ಸಿಬ್ಬಂದಿಗೆ ಹೇಳಿದ್ದು ಬೀಗದ ತಪಾಸಣೆ ಎಂದು ಮಾತ್ರ. ಮದ್ದಿನ ಫ್ರಿಜ್ಜಿನ ಕೀ ಇದ್ದದ್ದು ಮೂವರ ಬಳಿ. ಪ್ರೇರಣಾ ಉತ್ತರಿಸುವಾಗ ಎರಡು ಸಲ ಕೀ ಗೊಂಚಲು ಬೀಳಿಸಿದಳು. ಗುರುಕಿರಣ ಎಸಿಯಲ್ಲೂ ಬೆವೆತ. ಹಳೆಯ ಕೆಮಿಸ್ಟ್ ಜಯದೇವ ಮಾತ್ರ ತಣ್ಣಗಿದ್ದ. ಮೂವರದೂ ಒಂದೇ ಮಾತು: ನನಗೇನೂ ಗೊತ್ತಿಲ್ಲ.

ಆದರೆ ಅಮ್ರೀನ್ ಇನ್ನೊಂದನ್ನು ಗಮನಿಸಿದ್ದಳು. ಬೆಳಕು ಬಿದ್ದರೆ ಮದ್ದು ಕೆಡುತ್ತದೆಂದು ಅಲ್ಲಿ ಎಲ್ಲರೂ ಮಬ್ಬುಗತ್ತಲಲ್ಲೇ ಕೆಲಸ ಮಾಡುತ್ತಿದ್ದರು. ರೂಬೆನ್ ಬಾಗಿಲು ಸ್ವಲ್ಪ ತೆರೆದಿದ್ದಕ್ಕೆ ಅವನ ಮೇಲೆ ಎಗರಿ ಬಿದ್ದಿದ್ದರು.

ಅವಳು ಎಲ್ಲರನ್ನೂ ಮೀಟಿಂಗ್ ರೂಮಿನಲ್ಲಿ ಕೂರಿಸಿದಳು. ಅದೇ ಸೀಸೆ ತಂದು ಮೇಜಿನ ಮೇಲಿಟ್ಟು, ಸುತ್ತಿದ್ದ ಫಾಯಿಲ್ ಬಿಚ್ಚಿ, ಕಿಟಕಿಯ ಪರದೆಯನ್ನು ಸರ್ರನೆ ಎಳೆದಳು.

"ಅಯ್ಯಯ್ಯೋ, ಮೇಡಂ!" ಪ್ರೇರಣಾ ತನ್ನ ಸ್ವೆಟರನ್ನೇ ಸೀಸೆಯ ಮೇಲೆ ಎಸೆದಳು. ಗುರುಕಿರಣ ಕುರ್ಚಿ ಬೀಳಿಸಿಕೊಂಡು ಓಡಿ ಎರಡೂ ಕೈಯಲ್ಲಿ ಅದನ್ನು ಮುಚ್ಚಿ ಹಿಡಿದ. ಒಳಗಿರುವುದು ನೀರೆಂದು ಗೊತ್ತಿದ್ದ ಚಂದ್ರಮೋಹನ್ ಕೂತಲ್ಲಿಂದ ಏಳಲಿಲ್ಲ. ಜಯದೇವನೂ ಏಳಲಿಲ್ಲ.

ಉಳಿದವರನ್ನು ಹೊರಗೆ ಕಳಿಸಿ ಅಮ್ರೀನ್ ಅವನ ಎದುರು ಕೂತಳು. ಸುಮ್ಮನಿರುವ, ವಕೀಲರನ್ನು ಕರೆಸುವ ಅವನ ಹಕ್ಕುಗಳನ್ನು ಓದಿ ಹೇಳಿದಳು. ಆಮೇಲೆ ಕನ್ನಡದಲ್ಲಿ ಕೇಳಿದಳು.

"ಅದು ನೀರು ಅಂತ ನಿಮಗೆ ಯಾರು ಹೇಳಿದ್ರು?"

ಜಯದೇವ ಪರದೆ ಸರಿಸಿದ ಕಿಟಕಿಯತ್ತ ನೋಡಿದ.

"ಯಾರಿಗೆ ಕೊಟ್ರಿ? ಹೊರಗೆ ಬಿಸಿಲು ಏರ್ತಾ ಇದೆ ಜಯದೇವ್."

"ಗೌರಿಗೆ," ಎಂದ. "ನನ್ನ ಹೆಂಡ್ತಿಗೆ. ನಿನ್ನೆ ಕೊಟ್ಟೆ. ಲಾಸ್ ಏಂಜಲೀಸ್ ದಾಟಿ ಸ್ಯಾಂಟಾ ಕ್ಲಾರಿಟಾದಲ್ಲಿ ನಮ್ಮನೇಲಿದ್ದಾಳೆ. ಕಿಟಕಿಗೆಲ್ಲ ಫಾಯಿಲ್ ಅಂಟಿಸಿದೀನಿ. ನಾನು ಬರೋವರ್ಗೂ ಬಾಗಿಲು ತೆಗೀಬೇಡ ಅಂದಿದೀನಿ."

ಅಲ್ಲಿನ ಆಂಬುಲೆನ್ಸಿಗೆ ಫೋನ್ ಹೋಯಿತು, ಬಾಗಿಲು ತೆಗೆಸಿದರೆ ಬಿಸಿಲು ಒಳಗೆ ಬೀಳುತ್ತದೆ, ಹೊರಗೇ ಕಾಯಿರಿ ಎಂದು. ಅಮ್ರೀನ್ ಜಯದೇವನನ್ನು ಕೂರಿಸಿಕೊಂಡು ಲಾಸ್ ಏಂಜಲೀಸಿನ ಹಾಳು ಟ್ರಾಫಿಕ್ಕನ್ನು ಬೈಯುತ್ತಾ ಡ್ರೈವ್ ಮಾಡಿದಳು. ಇವನೇ ಸುಳ್ಳು ಹೇಳಿ ದಾರಿ ತಪ್ಪಿಸುತ್ತಿದ್ದರೆ ಎಂಬ ಅನುಮಾನ ದಾರಿಯುದ್ದಕ್ಕೂ ಬಿಡಲಿಲ್ಲ.

ಸುಳ್ಳಲ್ಲ. ಮನೆಯೊಳಗೆ ಕಗ್ಗತ್ತಲು. ಮೂಲೆಯ ಮಂಚದ ಮೇಲೆ ಗೌರಿ.

"ಯಾಕೆ ಮಾಡಿದ್ರಿ?"

"ಬಾಯಿ ಕ್ಯಾನ್ಸರ್. ಮೂರನೇ ಸಲ ಬಂದಿದೆ. ಗುರುವಾರ ಆಪರೇಷನ್ನು, ನಾಲಿಗೆ ಪೂರ್ತಿ ತೆಗೀತಾರಂತೆ. ಅಷ್ಟರೊಳಗೆ ಗಡ್ಡೆ ಸುಟ್ರೆ ನಾಲಿಗೆ ಉಳಿಯುತ್ತೆ ಅಂತ." ಅವನು ಕಪಾಟಿನಿಂದ ಕಂಬಳಿಗಳನ್ನು ತೆಗೆದ. "ಇವಳು ಬಾಯಿ ಮುಚ್ಚಿದ ದಿನವೇ ಇಲ್ಲ ಮೇಡಂ. ಎಷ್ಟೋ ಸಲ ಸಾಕು ಸುಮ್ನಿರೇ ಅಂತ ಗದರಿಸಿದೀನಿ."

ಅವನು ಹೆಂಡತಿಗೆ ಗ್ಲೌಸ್ ತೊಡಿಸಿ, ಟೊಪ್ಪಿ ಹಾಕಿ, ತಲೆಯಿಂದ ಪಾದದವರೆಗೆ ಎರಡು ಕಂಬಳಿ ಸುತ್ತತೊಡಗಿದ. ಅಮ್ರೀನ್ ಹೊರತೆಗೆದಿದ್ದ ಬೇಡಿಯನ್ನು ಮತ್ತೆ ಜೇಬಿಗೆ ಹಾಕಿ, ಅವನು ಸುತ್ತಿ ಮುಗಿಸುವವರೆಗೆ ಕಾದಳು.

ಕಂಬಳಿಯೊಳಗಿಂದ ತೊದಲು ದನಿ ಕೇಳಿಸಿತು. "ಯಾರ್ರೀ ಬಂದಿರೋದು? ಪಾಪ, ಅವರ್ದು ಊಟ ಆಯ್ತಾ? ಕೇಳೋದಲ್ವಾ ನೀವು? ಏನು ಜನಾನೋ..."

ಆಂಬುಲೆನ್ಸ್ ಬಾಗಿಲು ಹಾಕುವಾಗಲೂ ಗೌರಿ ಮಾತಾಡುತ್ತಲೇ ಇದ್ದಳು. ಜಯದೇವ ಬಿಸಿಲಲ್ಲಿ ನಿಂತು ಕೇಳಿಸಿಕೊಂಡ. ಗಾಡಿ ಹೊರಟು ದನಿ ಕೇಳಿಸದಂತಾದ ಮೇಲೆ ತಾನಾಗಿಯೇ ಕೈ ಮುಂದೆ ಚಾಚಿದ.